ಜ್ಞಾನಗ್ರಾಫ್‌ನಲ್ಲಿ ‘ಇಲ್ಲ’, ‘ಇರಬಹುದು’ ಬರೆಯುವುದು ಹೇಗೆ?

ಗ್ರಾಫ್‌ಕಾರ: ರೋಗಿಗಳ ದಾಖಲೆಗಳನ್ನು ಜ್ಞಾನಗ್ರಾಫ್ ಮಾಡಲು, ಅಂದರೆ ಸಂಗತಿಗಳನ್ನು ಕೊಂಡಿಗಳ ಜಾಲವಾಗಿ ಬರೆದಿಡಲು, ಆರ್‌ಡಿಎಫ್ ಮಾದರಿಗೆ ತರುತ್ತಿದ್ದೇನೆ. ಮೂರು ವಾಕ್ಯಗಳು ಕೆಲಸವನ್ನು ತಡೆದು ನಿಲ್ಲಿಸಿವೆ: ‘ನ್ಯುಮೋನಿಯಾ ಇರಬಹುದು’, ‘ಪೆನಿಸಿಲಿನ್ ಅಲರ್ಜಿ ಇಲ್ಲ’, ‘ತಾಯಿಗೆ ಮಧುಮೇಹವಿತ್ತು’. ಒಂದು ವಸ್ತು, ಒಂದು ಸಂಬಂಧ, ಇನ್ನೊಂದು ವಸ್ತು ಎಂಬ ಚೌಕಟ್ಟಿಗೆ ಇವು ಒಗ್ಗುತ್ತಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಕೋಷ್ಟಕಪ್ರಿಯ: ‘ಇಲ್ಲ’ ಎಂದು ಬರೆಯುವುದೇ ಏಕೆ? ಪಟ್ಟಿಯಲ್ಲಿ ಸಿಗದಿದ್ದರೆ ಇಲ್ಲವೆಂದೇ ಲೆಕ್ಕ. ತರ್ಕವನ್ನು ಆಧರಿಸಿದ ಪ್ರೋಗ್ರಾಮಿಂಗ್ ಭಾಷೆ ಪ್ರೊಲಾಗ್ ಮಾಡುವುದೂ ಇದನ್ನೇ. ಸಾಧಿಸಲಾಗದ್ದನ್ನು ಸುಳ್ಳೆಂದು ಹಿಡಿಯುವ ಈ ಕ್ರಮಕ್ಕೆ ಗಣಕವಿಜ್ಞಾನಿ ಕೀತ್ ಕ್ಲಾರ್ಕ್ 1978ರಲ್ಲೇ ತಾರ್ಕಿಕ ಆಧಾರ ಒದಗಿಸಿದ್ದಾರೆ.

ತೆರೆದಲೋಕ: ವಿಮಾನದ ಸೀಟುಗಳ ಪಟ್ಟಿಗೆ ಅದು ಸರಿ, ಆ ಪಟ್ಟಿ ಪೂರ್ಣವಾಗಿರುತ್ತದೆ. ಅಲರ್ಜಿಯ ಬಗ್ಗೆ ರೋಗಿಯನ್ನು ಯಾರೂ ಕೇಳಿಯೇ ಇರದಿದ್ದರೆ? ಮುಕ್ತ ಜ್ಞಾನಭಂಡಾರವಾದ ವಿಕಿಡೇಟಾದಲ್ಲಿ ‘ಮೌಲ್ಯವಿಲ್ಲ’ ಮತ್ತು ‘ಮೌಲ್ಯ ತಿಳಿದಿಲ್ಲ’ ಎಂಬ ಎರಡು ಬೇರೆ ಗುರುತುಗಳಿರುವುದು ಸುಮ್ಮನೆ ಅಲ್ಲ. ಇಂಥ ಜ್ಞಾನವನ್ನು ತರ್ಕಬದ್ಧವಾಗಿ ಬರೆಯುವ 2009ರ ಔಲ್ 2 ಭಾಷೆಯಲ್ಲೂ ನಿಷೇಧದ ಹೇಳಿಕೆಗೆ ಪ್ರತ್ಯೇಕ ರೂಪವಿದೆ.

ಗ್ರಾಫ್‌ಕಾರ: ವೈದ್ಯಕೀಯ ಪದಗಳ ಸಂಕೇತಕೋಶ ಸ್ನೋಮೆಡ್ ಸಿಟಿಯ ದಾರಿ ಹೇಗೆ? ರೋಗಲಕ್ಷಣದ ಜೊತೆಗೆ ‘ಇಲ್ಲವೆಂದು ಗೊತ್ತು’, ‘ಇರುವ ಸಾಧ್ಯತೆ’ ಎಂಬ ಸಂದರ್ಭವನ್ನು ಗುಣವಾಗಿ ಸೇರಿಸುತ್ತಾರೆ. ಲಕ್ಷಣ ರೋಗಿಯದೋ ಬಂಧುವಿನದೋ ಎಂಬುದಕ್ಕೂ ಒಂದು ಗುಣವಿದೆ. ಮೂರೂ ವಾಕ್ಯಗಳು ಹೊಂದುತ್ತವೆ.

ತರ್ಕಾಸಕ್ತ: ಹೊಂದುತ್ತವೆ, ಆದರೆ ಬರೆದದ್ದರಿಂದ ಹೊಸ ತೀರ್ಮಾನ ತೆಗೆಯುವ ತಂತ್ರಾಂಶವನ್ನು, ಅಂದರೆ ರೀಸನರ್ ಅನ್ನು, ಓಡಿಸಿ ನೋಡಿ. ಪೆನಿಸಿಲಿನ್ ಅಲರ್ಜಿ ಔಷಧ ಅಲರ್ಜಿಯ ಒಂದು ಬಗೆ. ‘ಇಲ್ಲ’ ಎಂಬುದು ಬರಿಯ ಗುಣವಾಗಿದ್ದರೆ ರೀಸನರ್ ಬಗೆಗಳ ಅದೇ ಏಣಿ ಹತ್ತಿ, ‘ಪೆನಿಸಿಲಿನ್ ಅಲರ್ಜಿ ಇಲ್ಲ’ ಎಂಬುದನ್ನೂ ‘ಔಷಧ ಅಲರ್ಜಿ ಇಲ್ಲ’ ಎಂಬುದರ ಬಗೆಯೆಂದು ತೀರ್ಮಾನಿಸುತ್ತದೆ. ಸಲ್ಫಾ ಮಾತ್ರೆ ನುಂಗಿದರೆ ಮೈಯೆಲ್ಲ ದದ್ದು ಏಳುವ ರೋಗಿ, ಯಾವ ಔಷಧಕ್ಕೂ ಅಲರ್ಜಿ ಇಲ್ಲದವರ ಸಾಲಿಗೆ ಸೇರಿಬಿಡುತ್ತಾನೆ! ನಿಷೇಧ ಬಂದ ಕೂಡಲೇ ಏಣಿ ತಲೆಕೆಳಗಾಗಬೇಕು: ಯಾವ ಔಷಧಕ್ಕೂ ಅಲರ್ಜಿ ಇಲ್ಲದವನಿಗೆ ಪೆನಿಸಿಲಿನ್ ಅಲರ್ಜಿಯೂ ಇಲ್ಲ, ಅಷ್ಟೇ. ಪ್ರಾಣಕ್ಕೆ ಸಂಬಂಧಿಸಿದ ದಾಖಲೆಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

ಕೋಷ್ಟಕಪ್ರಿಯ: ಇರಲಿ. ‘ಇರಬಹುದು’ ಎಂಬುದಕ್ಕಾದರೂ 0.7 ಎಂದು ಅಂಕಿ ಹಾಕಬಹುದಲ್ಲ?

ತೆರೆದಲೋಕ: ವೈದ್ಯರು ಹೇಳದ ಅಂಕಿಯನ್ನು ನಾವು ಎಲ್ಲಿಂದ ತರುವುದು? ಎಕ್ಸ್-ರೇ ನೋಡುವ ಮೊದಲಿನ ಶಂಕೆ ಅದು, ಅಳತೆಯಲ್ಲ. ವೈದ್ಯಕೀಯ ದಾಖಲೆಗಳ ವಿನಿಮಯಕ್ಕಿರುವ ಎಫ್‌ಎಚ್‌ಐಆರ್ ಮಾನದಂಡದಲ್ಲಿ ‘ತಾತ್ಕಾಲಿಕ’, ‘ದೃಢ’, ‘ನಿರಾಕೃತ’ ಎಂಬಂಥ ಸ್ಥಿತಿಗಳಿವೆ, ಅವು ಸಾಕು.

ತರ್ಕಾಸಕ್ತ: ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಪರ್ಸ್ ತಮ್ಮ ತರ್ಕಚಿತ್ರಗಳಲ್ಲಿ ಹೇಳಿಕೆಯ ಸುತ್ತ ಗೆರೆ ಎಳೆದು ಅದನ್ನು ನಿಷೇಧಿಸುತ್ತಿದ್ದರು. 1903ರ ಹೊತ್ತಿಗೆ ತುಂಡುತುಂಡಾದ ಗೆರೆಯನ್ನೂ ತಂದರು, ಅದರೊಳಗಿನದು ‘ಸುಳ್ಳಾಗಿರುವುದು ಸಾಧ್ಯ’. ‘ಇರುವುದು ಸಾಧ್ಯವಿಲ್ಲ’, ‘ಇಲ್ಲದಿರುವುದು ಸಾಧ್ಯ’ ಇವೆರಡೂ ಬೇರೆ. ಯಾವ ಗೆರೆ ಹೊರಗಿದೆ ಎಂಬುದೇ ನಿರ್ಣಾಯಕ. ಹಾಗೆಯೇ ನೀವೂ ಹೇಳಿಕೆಗಳನ್ನು ಹೆಸರಿಟ್ಟ ಗ್ರಾಫ್‌ಗಳೊಳಗೆ, ಅಂದರೆ ಹೆಸರಿರುವ ಗುಂಪುಗಳೊಳಗೆ, ಇಡಿ. ಆದರೆ ಆ ಹೆಸರಿನ ಅರ್ಥವೇನೆಂದು ಆರ್‌ಡಿಎಫ್ 1.1 ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಯಾರು, ಯಾವಾಗ, ಯಾವ ಆಧಾರದಿಂದ ಹೇಳಿದರು ಎಂಬುದನ್ನು ನೀವೇ ಬರೆಯಬೇಕು.

ಗ್ರಾಫ್‌ಕಾರ: ಎಕ್ಸ್-ರೇಯಲ್ಲಿ ನ್ಯುಮೋನಿಯಾ ಇಲ್ಲವೆಂದು ಬಂದರೆ ಹಳೆಯ ‘ಇರಬಹುದು’ ಅಳಿಸಲೇ?

ತೆರೆದಲೋಕ: ಬೇಡ. ಅಂದಿನ ಶಂಕೆಯಿಂದಲೇ ಆ್ಯಂಟಿಬಯಾಟಿಕ್ ಶುರುವಾಗಿರುತ್ತದೆ. ಏಕೆ ಕೊಟ್ಟರೆಂದು ನಾಳೆ ಕೇಳುವವರಿಗೆ ಉತ್ತರ ಅದರಲ್ಲೇ ಇದೆ. ಹೊಸ ಗ್ರಾಫ್ ಸೇರಿಸಿ, ಅದು ಹಳೆಯದನ್ನು ನಿರಾಕರಿಸುತ್ತದೆ ಎಂದು ಕೊಂಡಿ ಹಾಕಿ.