ಪದಚರ್ಚೆ: ಕತೆಯಿಂದ ಸರಿಸಿದ ಪಾತ್ರಕ್ಕೂ ಗತಿ ತಿಳಿಯದ ವ್ಯಕ್ತಿಗೂ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಹಳೆಯ ವೈಜ್ಞಾನಿಕ ಟಿ.ವಿ. ಧಾರಾವಾಹಿಗಳನ್ನು ಕನ್ನಡದ ಓದುಗರಿಗೆ ಪರಿಚಯಿಸುವ ಲೇಖನಗಳನ್ನು ಉಡುಪಿಯಲ್ಲಿ ನಾವು ಕೆಲವರು ಸಿದ್ಧಪಡಿಸುತ್ತಿದ್ದೇವೆ. ಆ ಕೆಲಸದಲ್ಲಿ ಒಂದು ಪದದ ಕೊರತೆ ಮತ್ತೆ ಮತ್ತೆ ಎದುರಾಗುತ್ತಿರುವುದರಿಂದ ಈ ಪತ್ರ. ನಟನೋ ನಟಿಯೋ ಧಾರಾವಾಹಿಯನ್ನು ಬಿಟ್ಟಾಗ ಬರಹಗಾರರು ಆ ಪಾತ್ರವನ್ನು ಕತೆಯಿಂದ ಆಚೆಗೆ ಕಳುಹಿಸುತ್ತಾರೆ. ಕೆಲವು ಸಲ ಆ ವ್ಯಕ್ತಿಗೆ ಮುಂದೇನಾಯಿತು ಎಂಬುದನ್ನು ಕತೆ ಕೊನೆಯವರೆಗೂ ತೀರ್ಮಾನಿಸುವುದೇ ಇಲ್ಲ. ಇವು ಎರಡು ಬೇರೆ ಬೇರೆ ಸಂಗತಿಗಳು. ನಮ್ಮ ಕರಡುಗಳಲ್ಲಿ ಮಾತ್ರ ಎರಡೂ ಒಂದೇ ಕ್ರಿಯಾಪದದೊಳಗೆ ಕಲಸಿಹೋಗುತ್ತಿವೆ.

ಉದಾಹರಣೆಯಾಗಿ, ನಮ್ಮನ್ನು ಹೆಚ್ಚು ಕಾಡಿದ ಜೆನ್ನಾ ಸ್ಟ್ಯಾನಿಸ್‌ಳ ಪ್ರಕರಣವನ್ನೇ ವಿವರಿಸುತ್ತೇನೆ. ಟೆರಿ ನೇಷನ್ ರೂಪಿಸಿ, ಬಿಬಿಸಿ 1978ರಿಂದ 1981ರವರೆಗೆ ಪ್ರಸಾರ ಮಾಡಿದ ‘ಬ್ಲೇಕ್ಸ್ ಸೆವೆನ್’ ನಾಲ್ಕು ಸರಣಿಗಳ, 52 ಕಂತುಗಳ ಧಾರಾವಾಹಿ. ಜೆನ್ನಾ ಅದರಲ್ಲಿ ಕಳ್ಳಸಾಗಣೆಯಿಂದ ಬಂದ, ಆಕಾಶನೌಕೆ ನಡೆಸುವುದರಲ್ಲಿ ನುರಿತ ಹೆಣ್ಣು. ಆ ಪಾತ್ರ ಮಾಡಿದ ಸ್ಯಾಲಿ ನೈವೆಟ್ ಅವರು 1979ರಲ್ಲಿ, ಎರಡನೆಯ ಸರಣಿ ಮುಗಿದ ಮೇಲೆ ಧಾರಾವಾಹಿಯನ್ನು ಬಿಟ್ಟರು. 1980ರ ಜನವರಿಯಲ್ಲಿ ಮೂರನೆಯ ಸರಣಿ ಆರಂಭವಾದಾಗ, ಯುದ್ಧದಲ್ಲಿ ಹಾನಿಗೊಂಡ ನೌಕೆಯಿಂದ ಎಲ್ಲರೂ ಪಾರಾಗುವ ಗದ್ದಲದ ನಡುವೆ ಅವಳು ಬೇರೆಯಾದಳೆಂದು ಕತೆ ಹೇಳಿತು, ಬೇರೆಲ್ಲೋ ಬದುಕಿದ್ದಾಳೆ ಎಂಬ ಸುದ್ದಿಯನ್ನೂ ಕೊಟ್ಟಿತು. ಆಮೇಲೆ ಅವಳ ದಾರಿ ಕತೆಯ ದಾರಿಯನ್ನು ಕೂಡಲಿಲ್ಲ. 1981ರ ಡಿಸೆಂಬರ್ 21ರಂದು ಪ್ರಸಾರವಾದ ಕಟ್ಟಕಡೆಯ ಕಂತಿನಲ್ಲಿ ಬಂಡುಕೋರರ ನಾಯಕ ಬ್ಲೇಕ್ ತನ್ನೆದುರು ನಿಂತ ಟ್ಯಾರಂಟ್ ಎಂಬ ತರುಣನಿಗೆ, ಜೆನ್ನಾ ಶತ್ರುಗಳ ದಿಗ್ಬಂಧನವನ್ನು ಭೇದಿಸಲು ಹೋಗಿ ತನ್ನ ನೌಕೆಯನ್ನು ತಾನೇ ಸ್ಫೋಟಿಸಿಕೊಂಡು, ಎದುರಾಳಿಯ ಹಲವು ನೌಕೆಗಳನ್ನು ಜೊತೆಗೆ ಒಯ್ದಳು ಎಂದು ಹೇಳುತ್ತಾನೆ.

ತೊಡಕಿರುವುದು ಇಲ್ಲಿಯೇ. ಆ ಮಾತನ್ನು ಆಡುವಾಗ ಬ್ಲೇಕ್, ತಲೆಗೆ ಬೆಲೆ ಕಟ್ಟಲ್ಪಟ್ಟವರನ್ನು ಹಿಡಿದುಕೊಡುವ ಬೇಟೆಗಾರನ ವೇಷದಲ್ಲಿದ್ದಾನೆ. ಎದುರಿಗಿರುವವನು ನಂಬತಕ್ಕವನೇ ಎಂದು ಪರೀಕ್ಷಿಸುತ್ತಿದ್ದಾನೆ. ಆದ್ದರಿಂದ ಅವನ ಮಾತಿನಲ್ಲಿ ನಿಜವೆಷ್ಟು, ಪರೀಕ್ಷೆಗಾಗಿ ಕಟ್ಟಿದ್ದೆಷ್ಟು ಎಂದು ನೋಡುಗರು ನಿರ್ಧರಿಸುವಂತಿಲ್ಲ. ಕೇಳಿ ತಿಳಿಯೋಣವೆಂದರೆ ಕೆಲವೇ ನಿಮಿಷಗಳಲ್ಲಿ ಬ್ಲೇಕ್‌ನೇ ತನ್ನ ಹಳೆಯ ಸಂಗಾತಿ ಏವನ್‌ನ ಗುಂಡಿಗೆ ಬಲಿಯಾಗುತ್ತಾನೆ, ಧಾರಾವಾಹಿಯೂ ಅಲ್ಲಿಗೆ ಮುಗಿಯುತ್ತದೆ. ಜೆನ್ನಾಳ ಸಾವನ್ನು ನಾವು ಕಣ್ಣಾರೆ ಕಂಡಿಲ್ಲ, ಅದನ್ನು ಸುಳ್ಳೆಂದು ತಳ್ಳಿಹಾಕುವ ಮಾತೂ ಎಲ್ಲಿಯೂ ಬಂದಿಲ್ಲ.

ಇದನ್ನು ಒಂದೆರಡು ಸಾಲಿನಲ್ಲಿ ಹೇಳಬೇಕಾದಾಗ ನಮ್ಮ ಕರಡೊಂದರಲ್ಲಿ ‘ಜೆನ್ನಾ ಪಾತ್ರ ಸತ್ತುಹೋಯಿತು’ ಎಂದಿತ್ತು, ಇನ್ನೊಂದರಲ್ಲಿ ‘ಪಾತ್ರ ನಾಪತ್ತೆಯಾಯಿತು’ ಎಂದಿತ್ತು. ಇವೆರಡೂ ತಪ್ಪೆಂದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಕನ್ನಡದ ವ್ಯಾಕರಣದಲ್ಲಿಯೇ ಇದೆ. ‘ಪಾತ್ರ’ ನಪುಂಸಕಲಿಂಗದ ಶಬ್ದ. ಅದು ಬರುತ್ತದೆ, ಬೆಳೆಯುತ್ತದೆ, ಮುಗಿಯುತ್ತದೆ. ಜೆನ್ನಾ ಸ್ತ್ರೀಲಿಂಗ; ಅವಳು ಬರುತ್ತಾಳೆ, ಹೋಗುತ್ತಾಳೆ, ಸಾಯುತ್ತಾಳೆ. ಬರಹಗಾರರು ಮಾಡುವ ಕೆಲಸ ಪಾತ್ರದ ಮೇಲೆ ನಡೆಯುತ್ತದೆ, ಕತೆಯೊಳಗಿನ ಆಗುಹೋಗು ವ್ಯಕ್ತಿಗೆ ಸಂಭವಿಸುತ್ತದೆ. ‘ಪಾತ್ರವನ್ನು ಕೈಬಿಟ್ಟರು’ ಎಂಬುದೂ ‘ಜೆನ್ನಾ ತೀರಿಕೊಂಡಳು’ ಎಂಬುದೂ ತಮ್ಮ ತಮ್ಮ ನೆಲೆಯಲ್ಲಿ ಸರಿಯೇ. ‘ಪಾತ್ರ ಸತ್ತಿತು’ ಎನ್ನುವಾಗ ಮಾತ್ರ ಬರೆಯುವವರ ಮೇಜಿನ ಮೇಲೆ ನಡೆದದ್ದು ಯಾವುದು, ಆಕಾಶನೌಕೆಯಲ್ಲಿ ನಡೆದದ್ದು ಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ. ಕ್ರಿಯಾಪದದ ಕೊನೆಯಲ್ಲಿಯೇ ಈ ಭೇದವನ್ನು ತೋರಿಸಬಲ್ಲ ಭಾಷೆ ನಮ್ಮದಾಗಿರುವಾಗ ಅದನ್ನು ಬಳಸದೆ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಪಾತ್ರ ಬೇರೆ, ಪಾತ್ರಧಾರಿ ಬೇರೆ ಎಂಬ ಅರಿವಂತೂ ಕರಾವಳಿಯವರಿಗೆ ಹೊಸದಲ್ಲ. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಒಂದೇ ಕೃಷ್ಣನನ್ನು ಮೊದಲರ್ಧದಲ್ಲಿ ಒಬ್ಬರು, ಉತ್ತರಾರ್ಧದಲ್ಲಿ ಇನ್ನೊಬ್ಬರು ನಿರ್ವಹಿಸುವುದುಂಟು. ಮೊದಲನೆಯವರು ಚೌಕಿಗೆ, ಅಂದರೆ ಬಣ್ಣದ ಮನೆಗೆ, ಹೋಗಿ ಕಿರೀಟ ಬಿಚ್ಚಿದರೆಂದು ಕೃಷ್ಣನಿಗೆ ಏನೋ ಆಯಿತೆಂದು ಯಾರೂ ತಿಳಿಯುವುದಿಲ್ಲ. ಇಂದಿನ ಟಿ.ವಿ. ಸುದ್ದಿಗಳ ‘ಧಾರಾವಾಹಿಯಿಂದ ಹೊರಬಂದರು’ ಎಂಬ ಪ್ರಯೋಗ ಪಾತ್ರಧಾರಿಗೆ ಮಾತ್ರ ಸಲ್ಲುತ್ತದೆ. ‘ಪಾತ್ರಕ್ಕೆ ಇತಿಶ್ರೀ ಹಾಡಿದರು’ ಎಂಬುದು ಪಾತ್ರಕ್ಕೆ ಸಲ್ಲುತ್ತದೆ ನಿಜ, ಆದರೆ ಎಲ್ಲವೂ ಮುಗಿಯಿತೆಂಬ ಖಚಿತತೆಯನ್ನು ತಂದುಬಿಡುತ್ತದೆ. 1988ರಲ್ಲಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಧಾರಾವಾಹಿಯ ಟಾಶಾ ಯಾರ್ ನೋಡುಗರ ಕಣ್ಣೆದುರೇ ಸತ್ತಳು, ಸಹಚರರು ಅವಳಿಗೆ ವಿದಾಯವನ್ನೂ ಹೇಳಿದರು. ಇತಿಶ್ರೀ ಎಂಬುದು ಅಲ್ಲಿಗೆ ಹೊಂದುತ್ತಿತ್ತು ಎನ್ನೋಣವೆಂದರೆ, 1990ರಲ್ಲಿ ಕಾಲದ ಇನ್ನೊಂದು ಕವಲಿನಿಂದ ಅದೇ ಟಾಶಾಳನ್ನು ಮರಳಿ ಕರೆತಂದರು. ವೈಜ್ಞಾನಿಕ ಕತೆಗಳಲ್ಲಿ ಸಾವೂ ಕೊನೆಯ ಮಾತಲ್ಲದ್ದರಿಂದ ಈ ಪ್ರಕಾರಕ್ಕೆ ಬೇಕಾದ ಪದಗಳನ್ನು ಇನ್ನಷ್ಟು ಎಚ್ಚರದಿಂದ ಆರಿಸಬೇಕಾಗುತ್ತದೆ.

ಹಾಗಾದರೆ ಬರಹಗಾರರ ಕೆಲಸಕ್ಕೆ ಯಾವ ಪದ? ‘ನೇಪಥ್ಯಕ್ಕೆ ಸರಿಸು’ ಎಂಬುದನ್ನು ಸೂಚಿಸುತ್ತೇನೆ. ‘ನೇಪಥ್ಯಕ್ಕೆ ಸರಿದರು’ ಎಂಬ ಅಕರ್ಮಕ ರೂಪ ಪತ್ರಿಕೆಗಳಲ್ಲಿ ಈಗಾಗಲೇ ಬಳಕೆಯಲ್ಲಿರುವುದರಿಂದ ಅದರ ಸಕರ್ಮಕ ರೂಪ ಯಾರಿಗೂ ಅಪರಿಚಿತವೆನಿಸದು. ನೇಪಥ್ಯಕ್ಕೆ ಹೋದವರು ನೋಡುಗರ ಕಣ್ಣಿಗೆ ಮಾತ್ರ ಮರೆ, ನಾಟಕದ ಲೋಕದಿಂದ ಅಳಿದವರಲ್ಲ. ಅಲ್ಲಿಂದ ದನಿ ಕೇಳಿಸಬಹುದು, ಅವರು ತಿರುಗಿ ಬರಲೂಬಹುದು. ‘ಡಾಕ್ಟರ್ ಹೂ’ ಧಾರಾವಾಹಿಯ ಸೂಸನ್‌ಳನ್ನು 1964ರಲ್ಲಿ ಭೂಮಿಯಲ್ಲಿ ಉಳಿಸಿ ಕತೆ ಮುಂದೆ ಹೋಯಿತು. 1983ರ ವಿಶೇಷ ಕಂತಿನಲ್ಲಿ ಅವಳು ಮತ್ತೆ ಕಾಣಿಸಿಕೊಂಡಳು. ಅದೇ ಧಾರಾವಾಹಿಯ ಡೋಡೋ ಎಂಬ ಹುಡುಗಿಯನ್ನು 1966ರಲ್ಲಿ ಕತೆಯ ನಡುವೆಯೇ ವಿಶ್ರಾಂತಿಗೆಂದು ಹಳ್ಳಿಗೆ ಕಳುಹಿಸಿ, ಇನ್ನು ಲಂಡನ್ನಿನಲ್ಲೇ ಇರುತ್ತಾಳೆಂಬ ಅವಳ ಸಂದೇಶವನ್ನು ಬೇರೆಯವರ ಬಾಯಿಂದ ಹೇಳಿಸಿದರು. ಇಬ್ಬರಿಗೂ ಈ ಪದ ಹೊಂದುತ್ತದೆ. ‘ನಿಷ್ಕ್ರಮಣ’ವನ್ನು ನಮ್ಮ ಗೆಳೆಯರೊಬ್ಬರು ಸೂಚಿಸಿದ್ದರು, ಅದು ಒಂದು ದೃಶ್ಯದಿಂದ ಹೊರಡುವುದನ್ನು ಹೇಳುತ್ತದೆಯೇ ಹೊರತು ಕೃತಿಯಿಂದ ಹೊರಡಿಸುವುದನ್ನಲ್ಲ.

ಎರಡನೆಯ ಸಂಗತಿ, ಅಂದರೆ ಗತಿ ತಿಳಿಯದ ಸ್ಥಿತಿ, ಇದಕ್ಕಿಂತ ಕಠಿಣ. ‘ನಾಪತ್ತೆ’ ಎಲ್ಲರ ನಾಲಿಗೆಗೂ ಮೊದಲು ಬರುವ ಪದ. ಆದರೆ 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮಂದಿ ಮೀನುಗಾರರೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟು ಸಂಪರ್ಕ ಕಳೆದುಕೊಂಡು, ಮರುವರ್ಷದ ಮೇ ತಿಂಗಳಲ್ಲಿ ಅದರ ಅವಶೇಷ ಮಹಾರಾಷ್ಟ್ರದ ಕಡಲಿನಲ್ಲಿ ಸಿಗುವವರೆಗೆ ಈ ಊರಿನ ಪತ್ರಿಕೆಗಳಲ್ಲಿ ದಿನವೂ ಕಾಣುತ್ತಿದ್ದ ಪದವದು. ಹುಡುಕುವವರು ಇರುವಲ್ಲಿ, ಮನೆಯಲ್ಲಿ ಕಾಯುವವರು ಇರುವಲ್ಲಿ ಆ ಪದಕ್ಕೆ ಅರ್ಥ. ಕಾನೂನೂ ಅದನ್ನು ಹಾಗೆಯೇ ಕಾಣುತ್ತದೆ. ಸಹಜವಾಗಿ ಸುದ್ದಿ ತಿಳಿಯಬೇಕಾಗಿದ್ದವರಿಗೆ ಏಳು ವರ್ಷ ಯಾವ ಸುದ್ದಿಯೂ ತಿಳಿಯದಿದ್ದರೆ, ಆ ವ್ಯಕ್ತಿ ಬದುಕಿದ್ದಾನೆಂದು ಸಾಧಿಸುವ ಹೊಣೆ ಹಾಗೆ ಹೇಳುವವರದು ಎಂದು 1872ರ ಸಾಕ್ಷ್ಯ ಅಧಿನಿಯಮದ 108ನೆಯ ಕಲಮು ವಿಧಿಸಿತ್ತು. ಜೆನ್ನಾಳನ್ನು ಕತೆಯೊಳಗೆ ಯಾರೂ ಹುಡುಕುತ್ತಿಲ್ಲ. ಅವಳ ಕುರಿತು ಸುದ್ದಿ ಬಂದಿದೆ, ಆ ಸುದ್ದಿಯೇ ಸಂಶಯಾಸ್ಪದ. ಅವಳನ್ನು ನಾಪತ್ತೆ ಎನ್ನಲಾಗದು.

‘ಮಾಯವಾದಳು’ ಎಂದರೆ ಹೇಗೆ ಎಂದು ಬಳಗದ ತುಳುನಾಡಿನ ಸದಸ್ಯರು ಕೇಳಬಹುದು. ತುಳುವಿನ ಮೌಖಿಕ ಕಾವ್ಯಗಳಾದ ಪಾಡ್ದನಗಳಲ್ಲಿ ಮಾಯಕ್ಕೆ ಸಂದವರು ದೈವಗಳಾಗಿ ನೆಲೆಗೊಳ್ಳುತ್ತಾರೆ. ಅಲ್ಲಿ ಮಾಯವೆಂಬುದು ಅತ್ಯಂತ ನಿಶ್ಚಿತವಾದ ಒಂದು ಗತಿ, ನಂಬಿಕೆಯ ಒಂದು ನೆಲೆ. ಗತಿಯೇ ತಿಳಿಯದವರಿಗೆ ಆ ಪದವನ್ನು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ‘ಕಥಾಶೇಷ’ ಎಂಬ ಸುಂದರವಾದ ಸಂಸ್ಕೃತ ಪದಕ್ಕೆ ತೀರಿಹೋದವರೆಂಬ ಅರ್ಥವೇ ಇರುವುದರಿಂದ ಅದೂ ಸಲ್ಲದು.

ಹೀಗಾಗಿ ಈ ಸ್ಥಿತಿಗೆ ಒಂದೇ ನಾಮಪದವನ್ನು ಹುಡುಕುವ ಬದಲು ‘ಗತಿ ತಿಳಿಯದ’ ಎಂಬ ವಿಶೇಷಣವನ್ನು ಉಳಿಸಿಕೊಂಡು, ಉಳಿದ ಭಾರವನ್ನು ಕ್ರಿಯಾಪದಕ್ಕೆ ಬಿಡುವುದು ಲೇಸೆಂದು ನನಗೆ ತೋರುತ್ತದೆ. ಕನ್ನಡದಲ್ಲಿ ‘ಸತ್ತಳು’ ಮತ್ತು ‘ಸತ್ತಳಂತೆ’ ಎಂಬ ಎರಡು ರೂಪಗಳಿವೆ. ಮೊದಲನೆಯದಕ್ಕೆ ಹೇಳುವವರು ಹೊಣೆ. ಎರಡನೆಯದರಲ್ಲಿ ಹೇಳುವವರು ತಾವು ಕೇಳಿದ್ದನ್ನು ಮಾತ್ರ ದಾಟಿಸುತ್ತಾರೆ, ನಿಜಾನಿಜದ ಹೊಣೆಯನ್ನು ಹೊರುವುದಿಲ್ಲ. ಜೆನ್ನಾಳ ವಿಷಯದಲ್ಲಿ ಕತೆ ನಮಗೆ ಕೊಟ್ಟಿರುವುದು ಅಷ್ಟನ್ನೇ, ಒಂದು ‘ಅಂತೆ’ಯನ್ನು. ಲೇಖನದ ಗದ್ಯಕ್ಕೆ ‘ಅಂತೆ’ ಆಡುಮಾತಿನದೆಂದು ಸಂಪಾದಕರು ಸಾಮಾನ್ಯವಾಗಿ ಅದನ್ನು ‘ಎನ್ನಲಾಗಿದೆ’ ಎಂದು ತಿದ್ದುತ್ತಾರೆ. ಆ ತಿದ್ದುಪಡಿಯಿಂದ ಇಲ್ಲಿ ನಷ್ಟವಿದೆ: ‘ಎನ್ನಲಾಗಿದೆ’ ಎಂದಾಗ ಅಂದವರು ಯಾರೆಂಬುದು ಮುಚ್ಚಿಹೋಗುತ್ತದೆ, ಈ ಪ್ರಕರಣದಲ್ಲಾದರೋ ಅಂದವನು ಬ್ಲೇಕ್ ಎಂಬುದೇ ಮುಖ್ಯ. ಆದ್ದರಿಂದ ‘ಎರಡನೆಯ ಸರಣಿಯ ಬಳಿಕ ಜೆನ್ನಾ ಪಾತ್ರವನ್ನು ನೇಪಥ್ಯಕ್ಕೆ ಸರಿಸಲಾಯಿತು, ಬ್ಲೇಕ್ ಹೇಳುವಂತೆ ಅವಳು ಹೋರಾಡುತ್ತ ಸತ್ತಳಂತೆ, ಕತೆಯಲ್ಲಿ ಅವಳ ಗತಿ ತೀರ್ಮಾನವಾಗಿಲ್ಲ’ ಎಂದು ಬರೆದಿದ್ದೇನೆ. ‘ಹೇಳುವಂತೆ’ ಮತ್ತು ‘ಸತ್ತಳಂತೆ’ ಹತ್ತಿರ ಹತ್ತಿರ ಬಂದು ಕಿವಿಗೆ ತುಸು ತಟ್ಟುತ್ತವೆ. ‘ಬ್ಲೇಕ್‌ನ ಮಾತಿನ ಪ್ರಕಾರ’ ಎಂದು ಮೊದಲನೆಯದನ್ನು ಬದಲಿಸಬಹುದು.

ಇನ್ನೂ ಬಗೆಹರಿಯದೆ ಉಳಿದಿರುವುದು ಸುದ್ದಿಯೇ ಇಲ್ಲದವರ ವಿಷಯ. ‘ಸ್ಪೇಸ್: 1999’ ಧಾರಾವಾಹಿಯ ಮೊದಲ ಸರಣಿಯಲ್ಲಿ ಬ್ಯಾರಿ ಮೋರ್ಸ್ ನಿರ್ವಹಿಸಿದ ವಿಕ್ಟರ್ ಬರ್ಗ್‌ಮನ್ ಎಂಬ ಹಿರಿಯ ವಿಜ್ಞಾನಿ ಎರಡನೆಯ ಸರಣಿಯಲ್ಲಿ ಇಲ್ಲವೇ ಇಲ್ಲ. ಅಂತರಿಕ್ಷದ ಉಡುಪಿನ ದೋಷದಿಂದ ಅವನು ಸತ್ತನೆಂಬ ಮಾತು ಚಿತ್ರಕತೆಯಲ್ಲಿತ್ತು, ಪ್ರಸಾರವಾದ ಕಂತಿನಲ್ಲಿ ಅದನ್ನು ಕಿತ್ತುಹಾಕಿದ್ದರು. ಇಲ್ಲಿ ‘ಅಂತೆ’ ಎನ್ನಲೂ ಕತೆಯೊಳಗೆ ಆಧಾರವಿಲ್ಲ. ‘ಸರಿಸಲಾಯಿತು’ ಎನ್ನಲು ಸರಿಸುವ ದೃಶ್ಯವೂ ಇಲ್ಲ. ಅವನ ಪ್ರಸ್ತಾಪವೇ ನಿಂತುಹೋಯಿತು. ‘ಪ್ರಸ್ತಾಪ ಬಿಟ್ಟ ಪಾತ್ರ’ ಎಂದು ಸದ್ಯಕ್ಕೆ ಬರೆದಿದ್ದರೂ ಅದು ನನಗೆ ಸಮಾಧಾನ ತಂದಿಲ್ಲ.

ಯಕ್ಷಗಾನದ ಕಾಲಮಿತಿಯ ಪ್ರಯೋಗಗಳಲ್ಲಿ ಭಾಗವತರು ಪದ್ಯಗಳನ್ನು ಬಿಟ್ಟು ಪ್ರಸಂಗವನ್ನು ಕಿರಿದುಗೊಳಿಸುವಾಗ, ಮೊದಲು ರಂಗಕ್ಕೆ ಬಂದಿದ್ದ ಸಣ್ಣ ವೇಷವೊಂದು ಮುಂದೆ ಕಾಣಿಸದೆಯೂ ಹೆಸರಿಸಲ್ಪಡದೆಯೂ ಉಳಿಯುವುದುಂಟು. ಅಂಥ ವೇಷವನ್ನು ಚೌಕಿಯಲ್ಲಿ ಏನೆಂದು ಕರೆಯುತ್ತಾರೆ? ತೆಂಕು, ಬಡಗು ಎರಡೂ ತಿಟ್ಟುಗಳ ಕಲಾವಿದರ ಒಡನಾಟವಿರುವ ಸದಸ್ಯರು ತಾವು ಕೇಳಿದ ಪದವನ್ನು, ಅದನ್ನು ಬಳಸಿದ ವಾಕ್ಯದೊಂದಿಗೆ ತಿಳಿಸಿದರೆ ಬರ್ಗ್‌ಮನ್ ಕುರಿತ ಸಾಲನ್ನು ತಿದ್ದಿ ಬರೆಯುತ್ತೇನೆ. ‘ನೇಪಥ್ಯಕ್ಕೆ ಸರಿಸು’ ಎಂಬುದಕ್ಕೆ ಯಾರದಾದರೂ ಆಕ್ಷೇಪವಿದ್ದರೆ ಅದನ್ನೂ ಕಾರಣಸಹಿತವಾಗಿ ಬರೆಯಬೇಕೆಂದು ಕೋರುತ್ತೇನೆ.