ಬಾಡಿಗೆಗೆಂದು ಫ್ಲ್ಯಾಟ್ ಕೊಳ್ಳುವ ಮುನ್ನ: ಪ್ರಶ್ನೋತ್ತರ

ಪ್ರಶ್ನೆ: ಬೆಂಗಳೂರಿನಲ್ಲಿ 65 ಲಕ್ಷಕ್ಕೆ ಎರಡು ಬೆಡ್‌ರೂಮಿನ ಹಳೇ ಫ್ಲ್ಯಾಟ್ ನೋಡಿದ್ದೇನೆ. ಕೈಯಲ್ಲಿ 30 ಲಕ್ಷ ಇದೆ, ನೋಂದಣಿ ಖರ್ಚೂ ಸೇರಿ ಉಳಿದ 40 ಲಕ್ಷ ಸಾಲ. ಬಾಡಿಗೆ 22,000 ಬರುತ್ತದಂತೆ. ನಾನಿರುವುದು ದಾವಣಗೆರೆಯಲ್ಲಿ. ಅಪಾಯ, ಖರ್ಚು ಎರಡೂ ಕಡಿಮೆ ಮಾಡೋದು ಹೇಗೆ ಸರ್?

ಲೆಕ್ಕ ಪರಿಶೋಧಕರು: ಮೊದಲು ಅಸಲು ಬೆಲೆ ಹಾಕಿಕೊಳ್ಳಿ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಟ್ಟು 4.94 ಲಕ್ಷ. ಅಲ್ಲಿಗೆ ಫ್ಲ್ಯಾಟ್ ನಿಮಗೆ 70 ಲಕ್ಷಕ್ಕೆ ಬಿತ್ತು.

ವರ್ಷದ ಬಾಡಿಗೆ 2.64 ಲಕ್ಷ. ಒಂದು ತಿಂಗಳು ಖಾಲಿ ಬಿತ್ತು ಅಂತ 22,000, ಮೇಂಟೆನೆನ್ಸ್ ನೀವೇ ಕಟ್ಟುವುದಾದರೆ ತಿಂಗಳಿಗೆ 3,500ರಂತೆ 42,000, ಆಸ್ತಿ ತೆರಿಗೆ ಮತ್ತು ರಿಪೇರಿಗೆ 21,000 ಕಳೆಯಿರಿ. ಉಳಿಯೋದು 1.79 ಲಕ್ಷ, ಅಂದರೆ ತಿಂಗಳಿಗೆ 14,900. 40 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಕಂತೇ ಸುಮಾರು 34,700! ಬಾಡಿಗೆಯಿಂದಲೇ ಕಂತು ಹೋಗಬೇಕೆಂದರೆ ಸಾಲ 17 ಲಕ್ಷ ದಾಟಬಾರದು. ಒಂದೋ ಸಣ್ಣ ಫ್ಲ್ಯಾಟ್ ನೋಡಿ, ಇಲ್ಲವೇ ಇನ್ನಷ್ಟು ಕೂಡಿಟ್ಟುಕೊಳ್ಳಿ.

ನಷ್ಟ ತೋರಿಸಿ ತೆರಿಗೆ ಉಳಿಸಬಹುದು ಅನ್ನುವವರ ಮಾತು ಪೂರ್ತಿ ನಂಬಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಮನೆಯ ನಷ್ಟವನ್ನು ಸಂಬಳದಿಂದ ಕಳೆಯಲು ಬರುವುದಿಲ್ಲ. ಹಳೆಯದರಲ್ಲೂ ವರ್ಷಕ್ಕೆ 2 ಲಕ್ಷ ಮಾತ್ರ.

ಆಸ್ತಿ ವಕೀಲರು: ನೋಂದಣಿಯಾದ ವಹಿವಾಟು, ಅಡಮಾನ ತೋರಿಸುವ ಋಣಭಾರ ಪತ್ರವನ್ನು (ಇಸಿ) ಫ್ಲ್ಯಾಟಿಗಷ್ಟೇ ತೆಗೆಸಿದರೆ ಸಾಲದು, ಕಟ್ಟಡ ನಿಂತಿರುವ ಮೂಲ ಜಮೀನಿನದ್ದೂ 30 ವರ್ಷದ್ದು ಬೇಕು. ಕೋರ್ಟಿನ ದಾವೆ ಅದರಲ್ಲಿ ಕಾಣದೇ ಇರಬಹುದು. ಬ್ಯಾಂಕ್ ಅಡಮಾನ ಇದೆಯೇ ಎಂದು ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸಾಯ್ (CERSAI) ಜಾಲತಾಣದಲ್ಲಿ ಬೇರೆಯಾಗಿ ಹುಡುಕಿ. ಇ-ಖಾತೆ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ) ಎರಡೂ ಕೇಳಿ. ಬರೀ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ತೋರಿಸಿ ಮಾರುವವರನ್ನು ಬಿಟ್ಟುಬಿಡಿ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಬಾಡಿಗೆ ಕರಾರು 11 ತಿಂಗಳಿಗೆ ಇರಲಿ. ನೋಟಿಸ್ ಅವಧಿ, ಪೇಂಟಿಂಗ್‌ಗೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತೀರಿ, ಫ್ಯಾನು-ಗೀಸರ್ ಎಷ್ಟು, ಎಲ್ಲ ಬರೆಯಿರಿ. ಜಗಳ ಬರೋದೇ ಮನೆ ಬಿಡುವಾಗ, ಅದೂ ಪೇಂಟಿಂಗ್ ದುಡ್ಡಿಗೆ.

ಸಿವಿಲ್ ಎಂಜಿನಿಯರ್: ಹಳೇ ಫ್ಲ್ಯಾಟಿನಲ್ಲಿ ದುಡ್ಡು ತಿನ್ನುವುದು ಬಾತ್‌ರೂಮು. ಅಡ್ವಾನ್ಸ್ ಕೊಡುವ ಮುಂಚೆ ನೆಲದ ಜಾಲರಿಗೆ ಬಟ್ಟೆ ತುರುಕಿ, ಒಂದಿಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಆಮೇಲೆ ಕೆಳಗಿನ ಮನೆಯವರನ್ನು ಕೇಳಿಕೊಂಡು ಅವರ ಬಾತ್‌ರೂಮಿನ ಸೀಲಿಂಗ್ ನೋಡಿ. ತೇವ ಕಂಡರೆ ಟೈಲ್ಸ್ ಕಿತ್ತು ವಾಟರ್‌ಪ್ರೂಫಿಂಗ್ ಮಾಡಿಸುವ ಖರ್ಚನ್ನು ಬೆಲೆಯಲ್ಲೇ ಮುರಿಸಿ. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ಮೆತ್ತಿದರೆ ಬಣ್ಣ ಬದಲಾಗುತ್ತದೆಯೇ ಹೊರತು ಸೋರುವುದು ನಿಲ್ಲುವುದಿಲ್ಲ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಇಂಕ್ ಹಾಕಿ. ಒತ್ತದೆಯೇ ಅರ್ಧ ಗಂಟೆಯೊಳಗೆ ಕಮೋಡಿನಲ್ಲಿ ಬಣ್ಣ ಬಂದರೆ ವಾಷರ್ ಹೋಗಿದೆ.

ಬೋರ್‌ವೆಲ್ ನೀರಾದರೆ ಗೀಸರಿನೊಳಗೆ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಆನೋಡ್ ರಾಡ್ ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಿ. ಅದು ಸವೆದ ಮೇಲೆ ತುಕ್ಕು ಟ್ಯಾಂಕಿಗೇ ಹಿಡಿಯುತ್ತದೆ.

ಪ್ರಶ್ನೆ: ಬಾಡಿಗೆಯ ಬದಲು 15 ಲಕ್ಷಕ್ಕೆ ಲೀಸ್‌ಗೆ ಹಾಕಿ, ಆ ದುಡ್ಡನ್ನು ಸಾಲಕ್ಕೆ ಕಟ್ಟಿದರೆ?

ಲೆಕ್ಕ ಪರಿಶೋಧಕರು: 15 ಲಕ್ಷಕ್ಕೆ ಶೇ 8.5ರಂತೆ ಉಳಿಯುವ ಬಡ್ಡಿ ವರ್ಷಕ್ಕೆ 1,27,500. ಬಿಟ್ಟುಕೊಡುವ ಬಾಡಿಗೆ 2.64 ಲಕ್ಷ. ಸರಿಸಮ ಆಗಬೇಕೆಂದರೆ 31 ಲಕ್ಷ ಕೇಳಬೇಕು. ಅವಧಿ ಮುಗಿದ ದಿನ ಅಷ್ಟನ್ನೂ ಒಟ್ಟಿಗೆ ವಾಪಸ್ ಕೊಡಬೇಕು, ಆಗ ಹೊಸಬರು ಸಿಗದಿದ್ದರೆ ಕೈಸಾಲವೇ ಗತಿ. ಅದರ ಬದಲು ಮನೆ ಖಾಲಿ ಬೀಳುವ ಹೊತ್ತಿಗೆ ಬಾಡಿಗೆಯಲ್ಲಿ 1,000 ಇಳಿಸಿ. ವರ್ಷಕ್ಕೆ 12,000 ಹೋಗುತ್ತದೆ; ಒಂದು ತಿಂಗಳು ಬೀಗ ಹಾಕಿಟ್ಟರೆ 22,000.

ಆಸ್ತಿ ವಕೀಲರು: ಫ್ಲ್ಯಾಟ್ ಮೇಲೆ ಸಾಲವಿದ್ದಾಗ ಲೀಸ್‌ಗೆ ಹಾಕಲು ಬ್ಯಾಂಕಿನ ಒಪ್ಪಿಗೆ ಬೇಕೇ ಎಂದು ಸಾಲದ ಕರಾರಿನಲ್ಲಿ ಮೊದಲು ಓದಿಕೊಳ್ಳಿ.