ಡಾಟ್ಸನ್ 240ಜೆಡ್: ಒಳಗಿನ ಪ್ಯಾನೆಲ್ ಒಡೆಯದಂತೆ ಹಿಂದಿನ ಶಾಕ್ ಬದಲಿಸುವುದು ಹೇಗೆ?

ಪ್ರಶ್ನೆ:
ನಮಸ್ಕಾರ ಸರ್. ನನ್ನ ಬಳಿ 1972ರ ಡಾಟ್ಸನ್ 240ಜೆಡ್ ಇದೆ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಜಿನುಗುತ್ತಿದೆ. ಉಬ್ಬು ದಾಟಿದ ಮೇಲೂ ಕಾರಿನ ಹಿಂಭಾಗ ಎರಡು ಮೂರು ಸಲ ಏರಿಳಿಯುತ್ತದೆ. ಹೊಸ ಕಾರ್ಟ್ರಿಜ್‌ಗಳನ್ನು (ಹಳೆಯ ಶಾಕ್‌ನ ಜಾಗದಲ್ಲಿ ಕೊಳವೆಯೊಳಗೆ ಕೂರುವ ಹೊಸ ಶಾಕ್) ತರಿಸಿಟ್ಟುಕೊಂಡಿದ್ದೇನೆ. ಆದರೆ ಮೇಲಿನ ನಟ್‌ಗಳು ಕಾರಿನೊಳಗೆ, ಸಾಮಾನು ಇಡುವ ಜಾಗದ ಪಕ್ಕದ ಪ್ಲಾಸ್ಟಿಕ್ ಪ್ಯಾನೆಲ್‌ಗಳ ಮರೆಯಲ್ಲಿವೆ. ನಿನ್ನೆ ಒಂದು ಪ್ಯಾನೆಲಿನ ಮೂಲೆಯನ್ನು ಸ್ವಲ್ಪ ಎತ್ತಿದೆ, ಚಿಟಿಚಿಟಿ ಸದ್ದು ಬಂತು. ಅಲ್ಲಿಗೇ ನಿಲ್ಲಿಸಿದೆ. ಹೇಗೆ ಮುಂದುವರಿಯಲಿ?

ಉತ್ತರ:
ನಿಲ್ಲಿಸಿದ್ದು ಒಳ್ಳೆಯದಾಯಿತು. ಹೊಸ ಶಾಕ್ ಇಂದಲ್ಲ ನಾಳೆ ಸಿಗುತ್ತದೆ, ಮೂಲ ಪ್ಯಾನೆಲ್ ಒಡೆದರೆ ಅಂಥದ್ದೇ ಇನ್ನೊಂದನ್ನು ಹುಡುಕಲು ವರ್ಷಗಳೇ ಬೇಕಾಗಬಹುದು. ಇಷ್ಟು ವರ್ಷ ಬಿಸಿಲು ಕುಡಿದ ಪ್ಲಾಸ್ಟಿಕ್ ಬಾಗುವ ಗುಣವನ್ನೇ ಕಳೆದುಕೊಂಡಿರುತ್ತದೆ. ಆದ್ದರಿಂದ ಅರ್ಧ ದಿನವನ್ನು ಪ್ಯಾನೆಲ್‌ಗಳಿಗೆಂದೇ ಮೀಸಲಿಡಿ.

ಮೊದಲು ಪ್ಯಾನೆಲನ್ನು ಬೆಚ್ಚಗೆ ಮಾಡಿಕೊಳ್ಳಿ. ಕಿಟಕಿ ಮುಚ್ಚಿ ಕಾರನ್ನು ಒಂದು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿದರೆ ಸಾಕು, ಇಲ್ಲವಾದರೆ ತಲೆಗೂದಲು ಒಣಗಿಸುವ ಡ್ರೈಯರನ್ನು ದೂರದಿಂದ ಆಡಿಸಿ. ಪೇಂಟ್ ಕೀಳುವ ಹೀಟ್ ಗನ್ ಬೇಡವೇ ಬೇಡ, ಕ್ಷಣದಲ್ಲಿ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬಳಿಕ ಯಾವ ಪ್ಯಾನೆಲಿನ ಅಂಚು ಯಾವುದರ ಮೇಲೆ ಕೂತಿದೆ ಎಂದು ಗಮನಿಸಿ. ಮೇಲೆ ಕೂತದ್ದು ಮೊದಲು ಬರಬೇಕು. ಸೀಟ್ ಬೆಲ್ಟ್ ಬೋಲ್ಟ್ ಪ್ಯಾನೆಲನ್ನು ಹಿಡಿದಿದ್ದರೆ ಅದನ್ನೂ ತೆಗೆಯಿರಿ, ಮರಳಿ ಹಾಕುವಾಗ ಸರ್ವಿಸ್ ಕೈಪಿಡಿ ಹೇಳುವ ಬಿಗಿತಕ್ಕೆ ಟಾರ್ಕ್ ರೆಂಚ್‌ನಿಂದಲೇ ಬಿಗಿಯಿರಿ.

ಪ್ಲಾಸ್ಟಿಕ್ ಗುಂಡಿಗಳ ನಡುವೆ ಸಣ್ಣ ಕಡ್ಡಿಯೊಂದು ಕಾಣಿಸುತ್ತದೆಯಲ್ಲವೇ? ಆ ಕಡ್ಡಿಯನ್ನು ಮೊಂಡು ತುದಿಯ ಉಪಕರಣದಿಂದ ಎರಡು ಮೂರು ಮಿಲಿಮೀಟರ್ ಮಾತ್ರ ಒಳಗೆ ಒತ್ತಿದರೆ ಗುಂಡಿಯ ಕಾಲುಗಳು ಸಡಿಲವಾಗುತ್ತವೆ. ಜಾಸ್ತಿ ಒತ್ತಿದರೆ ಕಡ್ಡಿ ಪ್ಯಾನೆಲಿನ ಹಿಂದೆ ಬಿದ್ದು ಕಳೆದುಹೋಗುತ್ತದೆ. ಸ್ಕ್ರೂಡ್ರೈವರ್ ತುರುಕಿ ಮೀಟಿದವರ ಕಾರುಗಳು ನನ್ನ ಬಳಿಗೆ ಬರುತ್ತಿರುತ್ತವೆ. ಎಲ್ಲದರಲ್ಲೂ ರಂಧ್ರದ ಸುತ್ತ ಒಂದೇ ಬಗೆಯ ಬಿರುಕು. ಮೀಟಲೇಬೇಕಾದರೆ ಪ್ಲಾಸ್ಟಿಕ್ ಪಟ್ಟಿಯನ್ನು ಗುಂಡಿಯ ಪಕ್ಕಕ್ಕೇ ತಂದು ಮೀಟಿ, ಪ್ಯಾನೆಲಿನ ಅಂಚನ್ನು ಹಿಡಿದು ಎಳೆಯಬೇಡಿ. ಹಿಂದೆ ತಂತಿಗಳಿರಬಹುದು, ಬ್ಯಾಟರಿ ಸಂಪರ್ಕವನ್ನು ಮೊದಲೇ ತೆಗೆದಿಡಿ.

ಇನ್ನು ಅಪಾಯದ ಮಾತು. ಈ ಕಾರಿನಲ್ಲಿ ಹಿಂದೆಯೂ ಶಾಕ್ ಮತ್ತು ಸ್ಪ್ರಿಂಗ್ ಒಂದೇ ಸ್ಟ್ರಟ್‌ನಲ್ಲಿ ಕೂಡಿವೆ. ಪ್ಯಾನೆಲ್ ತೆಗೆದ ಮೇಲೆ ಗೋಪುರದ, ಅಂದರೆ ಸ್ಟ್ರಟ್‌ನ ತಲೆ ಕೂರುವ ಉಬ್ಬಿದ ತಗಡಿನ, ತುದಿಯಲ್ಲಿ ಸುತ್ತಲೂ ಮೂರು ನಟ್, ನಡುವೆ ಒಂದು ನಟ್ ಕಾಣಿಸುತ್ತವೆ. ಸ್ಟ್ರಟ್ ಕಳಚಲು ಬಿಚ್ಚಬೇಕಾದದ್ದು ಸುತ್ತಲಿನ ಮೂರನ್ನು ಮಾತ್ರ. ಕುಗ್ಗಿ ಕೂತ ಸ್ಪ್ರಿಂಗನ್ನು ಹಿಡಿದಿರುವುದೇ ನಡುವಿನ ನಟ್. ಸ್ಪ್ರಿಂಗನ್ನು ಕುಗ್ಗಿಸಿ ಹಿಡಿಯುವ ಉಪಕರಣ (ಸ್ಪ್ರಿಂಗ್ ಕಂಪ್ರೆಸರ್) ಹಾಕದೆ ಅದನ್ನು ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಪ್ರಾಣಕ್ಕೇ ಕುತ್ತು ತರುತ್ತದೆ. ಆ ನಟ್‌ಗೆ ಈಗಲೇ ಕೆಂಪು ಟೇಪ್ ಸುತ್ತಿ.

ಕಾರಿನ ತೂಕವನ್ನು ಜ್ಯಾಕ್ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಕೆಳಗಿನ ತೋಳಿಗೆ ಇನ್ನೊಂದು ಜ್ಯಾಕ್ ಆನಿಸಿ, ಆಮೇಲೆ ಮೂರು ನಟ್ ಬಿಚ್ಚಿ ನಿಧಾನವಾಗಿ ಇಳಿಸಿ. ಬ್ರೇಕ್ ಹೋಸ್ ಮೇಲೆ ಸ್ಟ್ರಟ್‌ನ ಭಾರ ಬೀಳಕೂಡದು, ಎಳೆತ ಕಂಡರೆ ಅದನ್ನು ಮೊದಲೇ ಕಳಚಿ. ಹಾಗೆ ಕಳಚಿದರೆ ಕೊನೆಯಲ್ಲಿ ಬ್ರೇಕ್‌ನ ಗಾಳಿ ತೆಗೆಯುವ ಕೆಲಸವೂ ಸೇರುತ್ತದೆ.

ಗುಂಪಿನ ಇನ್ನೊಬ್ಬರ ಪ್ರಶ್ನೆ:
ಸರ್, ನನ್ನದೂ ಇದೇ ಕಾರು. ಸ್ಟ್ರಟ್‌ನ ಬುಡವನ್ನು ಕೆಳಗಿನ ತೋಳಿಗೆ ಜೋಡಿಸುವ ಸ್ಪಿಂಡಲ್ ಪಿನ್ ತುಕ್ಕು ಹಿಡಿದು ಅಲುಗುತ್ತಲೇ ಇಲ್ಲ. ಮೂರು ದಿನದಿಂದ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದೇನೆ.

ಉತ್ತರ:
ದಯವಿಟ್ಟು ಸುತ್ತಿಗೆ ಕೆಳಗಿಡಿ. ಪಿನ್‌ನ ತುದಿ ಅಣಬೆಯಂತೆ ಅರಳಿದರೆ ಮುಂದೆ ಯಾವ ದಾರಿಯೂ ಸುಲಭವಿಲ್ಲ. ಶಾಕ್ ಬದಲಿಸುವುದಷ್ಟೇ ಉದ್ದೇಶವಾದರೆ ಆ ಪಿನ್ನನ್ನು ತೆಗೆಯುವ ಅಗತ್ಯವೇ ಇಲ್ಲ. ಮೇಲಿನ ಮೂರು ನಟ್ ಬಿಚ್ಚಿದ ಮೇಲೆ ಸ್ಟ್ರಟ್ ಆ ಪಿನ್ನಿನ ಮೇಲೆಯೇ ವಾಲಿ ಚಕ್ರದ ಕಮಾನಿನ ಹೊರಗೆ ಬರುತ್ತದೆ. ಅಡ್ಡ ಬರುವ ಹಾಫ್ ಶಾಫ್ಟ್ (ಚಕ್ರವನ್ನು ತಿರುಗಿಸುವ ದಂಡ) ಅಥವಾ ಸ್ಟೆಬಿಲೈಸರ್ ಸಲಾಕೆಯನ್ನು ಕಳಚಿಕೊಂಡರೆ ಜಾಗ ಸಿಗುತ್ತದೆ. ಅಲ್ಲಿಯೇ ಕಂಪ್ರೆಸರ್‌ನಿಂದ ಸ್ಪ್ರಿಂಗ್ ಕುಗ್ಗಿಸಿ, ಆಮೇಲಷ್ಟೇ ನಡುವಿನ ನಟ್ ಬಿಚ್ಚಿ ಸ್ಪ್ರಿಂಗ್ ತೆಗೆದು, ಸ್ಟ್ರಟ್‌ನ ಕೊಳವೆಯ ಬಾಯಿಯ ದೊಡ್ಡ ನಟ್ ತಿರುಗಿಸಿ, ಹಳೆಯ ಶಾಕನ್ನು ಎತ್ತಿಬಿಡಬಹುದು.

ಶಾಕ್‌ನಿಂದ ಹೊರಚಾಚಿದ ಹೊಳೆಯುವ ದಂಡವನ್ನು ಇಕ್ಕಳದಲ್ಲಿ ಹಿಡಿಯಬೇಡಿ. ಒಂದು ಗೀರು ಬಿದ್ದರೂ ಅದು ಎಣ್ಣೆ ತಡೆಯುವ ಸೀಲನ್ನು ಪ್ರತಿ ಏರಿಳಿತದಲ್ಲಿ ಕೊರೆಯುತ್ತದೆ.

ಮೊದಲ ಸದಸ್ಯರು:
ಪ್ಯಾನೆಲ್‌ಗಳೆಲ್ಲ ಬಂದವು ಸರ್, ಬೆಚ್ಚಗಾದ ಮೇಲೆ ಎಷ್ಟು ಮೃದುವಾದವೆಂದರೆ ನನಗೇ ನಂಬಿಕೆಯಾಗಲಿಲ್ಲ. ಆದರೆ ನಿನ್ನೆ ಸದ್ದು ಬಂದ ಮೂಲೆಯಲ್ಲಿ ಎರಡು ಇಂಚಿನ ಬಿರುಕಿದೆ. ಗೋಪುರದ ಬುಡದಲ್ಲಿ ತುಕ್ಕೂ ಕಾಣಿಸುತ್ತಿದೆ.

ಉತ್ತರ:
ತುಕ್ಕನ್ನು ಮೊದಲು ನೋಡಿ. ಸ್ಕ್ರೂಡ್ರೈವರಿನ ತುದಿಯಿಂದ ಗಟ್ಟಿಯಾಗಿ ಒತ್ತಿ. ತಗಡು ಗಟ್ಟಿಯಿದ್ದು ಮೇಲ್ಮೈ ಮಾತ್ರ ಕೆಂಪಾಗಿದ್ದರೆ ಉಜ್ಜಿ ಪ್ರೈಮರ್, ಬಣ್ಣ ಬಳಿಯಿರಿ. ತುದಿ ಒಳಗೆ ಇಳಿದರೆ ಶಾಕ್ ಕೆಲಸ ನಿಲ್ಲಿಸಿ ವೆಲ್ಡಿಂಗ್ ಮಾಡಿಸಲೇಬೇಕು, ಏಕೆಂದರೆ ಆ ಮೂಲೆಯ ಭಾರವನ್ನು ಹೊರುವುದು ಅದೇ ತಗಡು. ಪ್ಯಾನೆಲ್ ಮುಚ್ಚಿದ ಮೇಲೆ ಇದು ಮತ್ತೆ ಕಣ್ಣಿಗೆ ಬೀಳುವುದಿಲ್ಲ.

ಬಿರುಕು ಮುಂದೆ ಹರಿಯದಂತೆ ಅದರ ಕೊನೆಯಲ್ಲಿ ಸಣ್ಣ ರಂಧ್ರ ಕೊರೆಯಿರಿ. ಪ್ಯಾನೆಲ್ ಎಬಿಎಸ್ ಪ್ಲಾಸ್ಟಿಕ್ ಆಗಿದ್ದರೆ, ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಗಂಜಿಯಂತೆ ಮಾಡಿಕೊಂಡು, ಹಿಂಬದಿಯಿಂದ ತೆಳುವಾದ ಫೈಬರ್ ಬಲೆಯ ಮೇಲೆ ಹಚ್ಚಿ. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರವಿದ್ದು ಮಾಡಿ. ತಟ್ಟನೆ ಅಂಟುವ ಗೋಂದು ಬೇಡ, ಒಣಗಿದ ಮೇಲೆ ಅದೇ ಗಾಜಿನಂತೆ ಒಡೆಯುತ್ತದೆ.

ಮೊದಲ ಸದಸ್ಯರು:
ತಗಡು ಗಟ್ಟಿಯಿತ್ತು, ಬಣ್ಣ ಬಳಿದೆ. ಎರಡೂ ಬದಿ ಮುಗಿಯಿತು. ಏರಿಳಿತ ನಿಂತಿದೆ. ಆದರೆ ರಸ್ತೆಯ ಸಣ್ಣ ಗುಂಡಿಗಳಲ್ಲಿ ಎಡಗಡೆಯಿಂದ ಟಕ್ ಟಕ್ ಎಂದು ಕೇಳುತ್ತದೆ. ಪ್ಯಾನೆಲ್‌ಗಳನ್ನು ಇನ್ನೂ ಹಾಕಿಲ್ಲ.

ಉತ್ತರ:
ಹಾಕದೆ ಉಳಿಸಿದ್ದು ನನಗೆ ನಿಜಕ್ಕೂ ಸಂತೋಷ ತಂದಿತು. ಮೊದಲು ಮೂರು ನಟ್‌ಗಳ ಬಿಗಿತ ಪರೀಕ್ಷಿಸಿ. ಅವು ಸರಿಯಿದ್ದರೆ ಕಾರ್ಟ್ರಿಜ್ ಕೊಳವೆಯೊಳಗೆ ಅಲುಗುತ್ತಿದೆ ಎಂದೇ ನನ್ನ ಅನುಮಾನ. ದೊಡ್ಡ ನಟ್ ಕಾರ್ಟ್ರಿಜನ್ನು ಒತ್ತಿ ಹಿಡಿಯಬೇಕು. ಕಾರ್ಟ್ರಿಜ್ ಚಿಕ್ಕದಾಗಿದ್ದರೆ ನಟ್ ಕೊಳವೆಯ ಅಂಚಿಗೆ ಕೂತುಬಿಡುತ್ತದೆ, ಒಳಗೆ ಸಡಿಲ ಉಳಿಯುತ್ತದೆ. ಅದಕ್ಕಾಗಿ ಕೆಲವು ಕಾರ್ಟ್ರಿಜ್‌ಗಳ ಜೊತೆಗೆ ತಳಕ್ಕೆ ಹಾಕುವ ಲೋಹದ ಬಿಲ್ಲೆ ಬರುತ್ತದೆ. ಪೆಟ್ಟಿಗೆಯಲ್ಲಿ ನೋಡಿ. ಬಿಚ್ಚಿದಾಗ ಕೊಳವೆಗೆ ಸ್ವಲ್ಪ ಎಂಜಿನ್ ಎಣ್ಣೆಯನ್ನೂ ಸುರಿಯಿರಿ, ಕಾರ್ಟ್ರಿಜಿನ ಬಿಸಿ ಕೊಳವೆಗೆ ದಾಟುತ್ತದೆ, ತುಕ್ಕೂ ಹಿಡಿಯುವುದಿಲ್ಲ. ಕಾರ್ಟ್ರಿಜ್ ಇಳಿಸಿದಾಗ ಎಣ್ಣೆ ಬಾಯಿಯಿಂದ ಉಕ್ಕದಷ್ಟು ಸಾಕು.

ಮೊದಲ ಸದಸ್ಯರು:
ಬಿಲ್ಲೆ ಪೆಟ್ಟಿಗೆಯ ತಳದಲ್ಲಿ, ಕಾಗದದ ಮಡಿಕೆಯೊಳಗೆ ಇತ್ತು ಸರ್. ಬಲಗಡೆಯದನ್ನು ಹಾಕಿದ್ದೆ, ಎಡಗಡೆಯದು ಅಲ್ಲೇ ಉಳಿದಿತ್ತು. ಈಗ ಸದ್ದಿಲ್ಲ. ನಾಳೆ ಬಿಸಿಲು ಬಂದ ಮೇಲೆ ಪ್ಯಾನೆಲ್‌ಗಳನ್ನು ಕೂರಿಸುತ್ತೇನೆ.